ಮೆಟ್ಟಿಲ ವಿರುದ್ಧ ಮೊಕದ್ದಮೆ

*ಗಾಲಿಕುರ್ಚಿಯಲ್ಲಿ ಕುಳಿತವರು ಕೋರ್ಟಿಗೆ ಹೋದರು. ಕೆಲವು ಬಾಗಿಲು ತೆರೆದವು, ಕೆಲವು ಆದೇಶದ ಪ್ರತಿಯಲ್ಲೇ ಉಳಿದವು. ಯಾವ ಗೆಲುವು ನೆಲಕ್ಕಿಳಿಯಿತು, ಯಾವುದು ಇಳಿಯಲಿಲ್ಲ, ಏಕೆ?*

ಅಮೆರಿಕದ ಟೆನೆಸಿ ರಾಜ್ಯದ ಪೋಕ್ ಕೌಂಟಿ ನ್ಯಾಯಾಲಯದಲ್ಲಿ ಲಿಫ್ಟ್ ಇರಲಿಲ್ಲ. 1996ರಲ್ಲಿ ಜಾರ್ಜ್ ಲೇನ್ ಎಂಬುವರು ತಮ್ಮ ಮೇಲಿನ ಆರೋಪಗಳಿಗೆ ಉತ್ತರ ಹೇಳಲು ಅಲ್ಲಿಗೆ ಬಂದರು. ಅವರು ಗಾಲಿಕುರ್ಚಿ ಬಳಸುವವರು, ವಿಚಾರಣೆ ನಡೆಯುವುದು ಮೇಲಿನ ಮಹಡಿಯಲ್ಲಿ. ಮೊದಲ ದಿನ ಲೇನ್ ಕುರ್ಚಿಯನ್ನು ಕೆಳಗೇ ಬಿಟ್ಟು ಎರಡು ಸಾಲು ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಮುಂದಿನ ವಿಚಾರಣೆಗೆ ಬಂದಾಗ ಮತ್ತೆ ತೆವಳುವುದಿಲ್ಲ ಎಂದರು. ಸಿಬ್ಬಂದಿ ಎತ್ತಿಕೊಂಡು ಹೋಗುವುದೂ ಬೇಡ ಎಂದರು. ನ್ಯಾಯಾಲಯಕ್ಕೆ ಹಾಜರಾಗಲಿಲ್ಲ ಎಂಬ ಕಾರಣಕ್ಕೆ ಅವರನ್ನು ಬಂಧಿಸಿ ಜೈಲಿಗೆ ಕಳಿಸಲಾಯಿತು. ಮನುಷ್ಯ ಅದೇ ಕಟ್ಟಡದ ಕೆಳಗಡೆ ಇದ್ದಾರೆ, ಕಡತದಲ್ಲಿ ಮಾತ್ರ ಗೈರುಹಾಜರು.

ಅದೇ ರಾಜ್ಯದಲ್ಲಿ ಬೆವರ್ಲಿ ಜೋನ್ಸ್ ಕೋರ್ಟ್ ಕಲಾಪವನ್ನು ದಾಖಲಿಸುವ ಕೆಲಸ ಮಾಡುತ್ತಿದ್ದರು. ಅವರದ್ದೂ ಗಾಲಿಕುರ್ಚಿ. ಹಲವು ಕೌಂಟಿಗಳ ನ್ಯಾಯಾಲಯಗಳಿಗೆ ಒಳಹೋಗಲು ಆಗದೆ ಕೆಲಸ ಕೈತಪ್ಪುತ್ತಿತ್ತು. 1998ರಲ್ಲಿ ಇಬ್ಬರೂ ಸೇರಿ ರಾಜ್ಯದ ಮೇಲೆಯೇ ದಾವೆ ಹೂಡಿದರು. ಅವರ ಕೈಯಲ್ಲಿದ್ದದ್ದು ಅಂಗವಿಕಲರ ಹಕ್ಕಿಗಾಗಿ ಅಮೆರಿಕ 1990ರಲ್ಲಿ ಮಾಡಿದ್ದ ಕಾಯ್ದೆ. ಆ ಕಾಯ್ದೆಯಡಿ ಪ್ರಜೆಯೊಬ್ಬ ಪರಿಹಾರ ಕೇಳಿ ರಾಜ್ಯವನ್ನು ಕೋರ್ಟಿಗೆ ಎಳೆಯುವಂತಿಲ್ಲ, ಸಂವಿಧಾನ ತನಗೆ ರಕ್ಷಣೆ ಕೊಟ್ಟಿದೆ ಎಂದು ಟೆನೆಸಿ ಸರ್ಕಾರ ವಾದಿಸಿತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ತಲುಪಿ, 2004ರ ಮೇ 17ರಂದು ತೀರ್ಪು ಬಂತು. ನ್ಯಾಯ ಕೇಳಲು ಒಳಗೆ ಬರುವ ದಾರಿಯೇ ಇಲ್ಲದಿದ್ದರೆ ರಾಜ್ಯವೂ ಉತ್ತರಿಸಬೇಕಾಗುತ್ತದೆ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಒಂದು ಮತ ಅತ್ತ ವಾಲಿದ್ದರೆ ಲೇನ್ ಸೋಲುತ್ತಿದ್ದರು.

ಇಂಥ ಕತೆಗಳನ್ನು ಓದಿದಾಗ ಮನಸ್ಸು ಮೊದಲು ಹೋಗುವುದು ಅವಮಾನದ ಕಡೆಗೆ, ಅದು ಸಹಜ. ಆದರೆ ಅಂಗವಿಕಲರ ಪ್ರಕರಣಗಳನ್ನು ಬಹುಕಾಲದಿಂದ ಗಮನಿಸುತ್ತಾ ಬಂದ ನನ್ನನ್ನು ಈಗ ಕಾಡುವುದು ತೀರ್ಪು ಬಂದ ಮೇಲಿನ ದಿನಗಳು. ಆದೇಶದ ಪ್ರತಿ ಹಿಡಿದು ಹೊರಬಂದ ಮೇಲೆ ಸಿಮೆಂಟು ಯಾವಾಗ ಬಿತ್ತು? ದುಡ್ಡು ಯಾವ ಲೆಕ್ಕಶೀರ್ಷಿಕೆಯಿಂದ ಬಂತು? ಕೆಲಸ ನೆಟ್ಟಗಾಯಿತೇ ಎಂದು ನೋಡಿದವರು ಯಾರು? ನಮ್ಮ ದೇಶದಲ್ಲಿ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಡೆದಿರುವ ಹೋರಾಟದ ಸೋಲು ಗೆಲುವುಗಳೆಲ್ಲ ಈ ಪ್ರಶ್ನೆಗಳಲ್ಲೇ ಇವೆ.

ಅಲಿಗಢದ ಹುಡುಗ, ದೆಹಲಿಯ ಅರ್ಜಿ

ಜಾವೇದ್ ಅಬಿದಿ ಹುಟ್ಟಿದ್ದು 1965ರಲ್ಲಿ, ಅಲಿಗಢದಲ್ಲಿ. ಬೆನ್ನುಹುರಿಯ ಹುಟ್ಟು ದೋಷ ಅವರನ್ನು ಗಾಲಿಕುರ್ಚಿಗೆ ತಂದಿತು. ಪತ್ರಿಕೋದ್ಯಮ ಓದಲು ಹೋದದ್ದು ಅಮೆರಿಕದ ಓಹಾಯೊದಲ್ಲಿರುವ ರೈಟ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನೆಲದಡಿಯ ಸುರಂಗಗಳಲ್ಲೇ ಕುರ್ಚಿ ತಳ್ಳಿಕೊಂಡು ಹೋಗಬಹುದಿತ್ತು, ಹಿಮ ಬಿದ್ದರೂ ತರಗತಿ ತಪ್ಪುತ್ತಿರಲಿಲ್ಲ. ಅಲ್ಲಿಂದ ದೆಹಲಿಗೆ ಮರಳಿದವರಿಗೆ ಎದುರಾದದ್ದು ಎಲ್ಲೆಲ್ಲೂ ಮೆಟ್ಟಿಲು. ಕುರ್ಚಿಯೂ ಅದೇ, ಮನುಷ್ಯನೂ ಅವನೇ. ಬದಲಾದದ್ದು ಸುತ್ತಲಿನ ಊರು ಮಾತ್ರ.

1995ರಲ್ಲಿ ಸಂಸತ್ತು ಅಂಗವಿಕಲರಿಗಾಗಿ ಮೊದಲ ಸಮಗ್ರ ಕಾಯ್ದೆ ಮಾಡಿತು. ಆ ಕಾಯ್ದೆಗಾಗಿ ಬೀದಿಗಿಳಿದವರಲ್ಲಿ ಅಬಿದಿ ಪ್ರಮುಖರು. ಕಾಯ್ದೆ 1996ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಆದರೆ ಅದು ಹೇಳಿದ ಸಮನ್ವಯ ಸಮಿತಿಗಳು, ಕಾರ್ಯಕಾರಿ ಸಮಿತಿ, ಆಯುಕ್ತರ ಹುದ್ದೆ ಯಾವುದೂ ನೆಟ್ಟಗೆ ಶುರುವಾಗಲಿಲ್ಲ. ಅಬಿದಿ ನೇರ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ನೀವೇ ಮಾಡಿದ ಕಾಯ್ದೆಯನ್ನು ನೀವೇ ಜಾರಿ ಮಾಡಿ ಎಂಬುದು ಅವರ ಮೊದಲ ಬೇಡಿಕೆ. ಎರಡನೆಯದು ವಿಮಾನಯಾನದ್ದು. ವಿಮಾನದೊಳಗಿನ ಕಿರಿದಾದ ನಡುದಾರಿಯಲ್ಲಿ ಸಾಗುವ ಪುಟ್ಟ ಗಾಲಿಕುರ್ಚಿ ಬೇಕು, ವಿಮಾನದ ಬಾಗಿಲಿನವರೆಗೆ ಎತ್ತುವ ಯಂತ್ರ ಬೇಕು, ಅಂಧರಿಗೆ ಇಂಡಿಯನ್ ಏರ್‌ಲೈನ್ಸ್ ಕೊಡುತ್ತಿದ್ದ ಅರ್ಧ ದರದ ರಿಯಾಯಿತಿ ಚಲನವೈಕಲ್ಯ ಉಳ್ಳವರಿಗೂ ಬೇಕು.

1998ರ ಡಿಸೆಂಬರಿನಲ್ಲಿ ಬಂದ ತೀರ್ಪು ಸಮಿತಿಗಳನ್ನು ರಚಿಸಿ ಚುರುಕಾಗಿ ಕೆಲಸ ಮಾಡಿ ಎಂದಿತು. ಶೇ 80 ಮತ್ತು ಅದಕ್ಕಿಂತ ಹೆಚ್ಚು ಚಲನವೈಕಲ್ಯ ಇರುವವರಿಗೂ ಅರ್ಧ ದರದ ಟಿಕೆಟ್ ಕೊಡಬೇಕು ಎಂದು ಇಂಡಿಯನ್ ಏರ್‌ಲೈನ್ಸ್‌ಗೆ ಹೇಳಿತು. ಟಿಕೆಟ್ ದರದ ವಿಷಯ ಜಾರಿಯಾಗಲು ಕಷ್ಟವೇನಿರಲಿಲ್ಲ. ಅದಕ್ಕೊಂದು ಅಂಕಿ ಇತ್ತು, ಕೌಂಟರಿನಲ್ಲಿ ಕುಳಿತ ಗುಮಾಸ್ತನಿಗೂ ಅರ್ಥವಾಗುವಂತಿತ್ತು. ಸಮಿತಿಗಳು ಚುರುಕಾಗಿರಬೇಕು ಎಂಬ ಮಾತಿಗೆ ಅಂಥ ಅಳತೆಗೋಲು ಎಲ್ಲಿಂದ ಬರಬೇಕು? ಒಂದೇ ತೀರ್ಪಿನ ಎರಡು ಭಾಗಗಳಿಗೆ ಎರಡು ಗತಿ. ಮುಂದಿನ ಎಷ್ಟೋ ಪ್ರಕರಣಗಳ ಹಣೆಬರಹ ಇದರಲ್ಲೇ ಕಾಣುತ್ತದೆ.

2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದರು. ಕುತುಬ್ ಮಿನಾರ್, ಹುಮಾಯೂನನ ಸಮಾಧಿಯಂಥ ಸ್ಮಾರಕಗಳನ್ನು ನೋಡುವ ಆಸೆ ಅವರಿಗಿತ್ತು. ಅಬಿದಿ ಬೆನ್ನು ಬಿಡದೆ ಓಡಾಡಿ, ಪುರಾತತ್ವ ಇಲಾಖೆಯಿಂದ ಆ ಜಾಗಗಳಲ್ಲಿ ತಾತ್ಕಾಲಿಕ ಮರದ ರ‍್ಯಾಂಪ್ ಹಾಕಿಸಿದರು. ಜಗತ್ಪ್ರಸಿದ್ಧ ಅತಿಥಿ ಬಂದಾಗ ಕೆಲವೇ ದಿನಗಳಲ್ಲಿ ಆದ ಕೆಲಸ ಅದೇ ಊರಿನ ಸಾಮಾನ್ಯ ಗಾಲಿಕುರ್ಚಿಯವನಿಗೆ ಏಕೆ ಆಗಿರಲಿಲ್ಲ ಎಂದು ಅವರು ಕೇಳಿದ್ದು ನ್ಯಾಯವೇ. ಅಸಾಧ್ಯ ಎಂಬ ಉತ್ತರಕ್ಕೆ ಆ ಮೇಲೆ ಬೆಲೆ ಉಳಿಯಲಿಲ್ಲ.

ಮತಗಟ್ಟೆಯ ಇಳಿಜಾರು

ನನ್ನ ಲೆಕ್ಕದಲ್ಲಿ ಅಬಿದಿ ಬಳಗದ ದೊಡ್ಡ ಗೆಲುವು 2004ರದ್ದು. ಲೋಕಸಭಾ ಚುನಾವಣೆ ಹೊಸ್ತಿಲಲ್ಲಿತ್ತು. ಮತಗಟ್ಟೆಗಳೆಂದರೆ ಹೆಚ್ಚಾಗಿ ಸರ್ಕಾರಿ ಶಾಲೆಗಳು, ಶಾಲೆಯೆಂದರೆ ಜಗುಲಿ, ಜಗುಲಿಗೆ ಮೂರು ನಾಲ್ಕು ಮೆಟ್ಟಿಲು. ಗಾಲಿಕುರ್ಚಿಯ ಮತದಾರ ಮಗನ ಹೆಗಲೇರಿ ಬರಬೇಕು, ಇಲ್ಲವೇ ಮನೆಯಲ್ಲೇ ಇರಬೇಕು. ಅವರ ಡಿಸೇಬಲ್ಡ್ ರೈಟ್ಸ್ ಗ್ರೂಪ್ ಸುಪ್ರೀಂ ಕೋರ್ಟಿಗೆ ಹೋಯಿತು. ಮತಗಟ್ಟೆಗಳಲ್ಲಿ ಮರದ ರ‍್ಯಾಂಪ್ ಹಾಕಿ ಎಂದು ನ್ಯಾಯಾಲಯ ಏಪ್ರಿಲ್‌ನಲ್ಲೇ ಮಧ್ಯಂತರ ನಿರ್ದೇಶನ ಕೊಟ್ಟಿತು, ಮುಂದಿನ ವರ್ಷಗಳಲ್ಲಿ ಅದನ್ನು ವಿಸ್ತರಿಸಿತು.

ಇದು ನಾಟಿತು. ಏಕೆಂದರೆ ಚುನಾವಣೆಗೆ ದಿನಾಂಕ ಇರುತ್ತದೆ, ಆಯೋಗಕ್ಕೆ ಅಧಿಕಾರ ಇರುತ್ತದೆ, ಪ್ರತಿ ಮತಗಟ್ಟೆಗೂ ಹೊಣೆ ಹೊತ್ತ ಅಧಿಕಾರಿಯೊಬ್ಬ ಹೆಸರು ಸಮೇತ ಸಿಗುತ್ತಾನೆ. ನಮ್ಮ ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ಇಂದು ಕಾಣುವ ಸಿಮೆಂಟಿನ ಇಳಿಜಾರಿನ ಹಿಂದೆ ಮತಪೆಟ್ಟಿಗೆಯ ಪಾಲೂ ಇದೆ. ನಡೆಯಲಾಗದ ಮಗುವೊಂದು ಅದೇ ಇಳಿಜಾರಿನಲ್ಲಿ ತರಗತಿಗೆ ಹೋದರೆ ಆ ಅರ್ಜಿದಾರರಿಗೆ ಅದಕ್ಕಿಂತ ದೊಡ್ಡ ಸಂತೋಷ ಇರಲಾರದು.

2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಅಂಗವಿಕಲರಿಗೆ, 80 ದಾಟಿದ ಹಿರಿಯರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತು. ಹಾಸಿಗೆ ಹಿಡಿದವರಿಗೆ ಇದು ನಿಜವಾದ ನೆರವು. ಆದರೆ ಮನೆಗೇ ಬರುತ್ತೇವಲ್ಲ, ಇನ್ನು ರ‍್ಯಾಂಪ್ ಏಕೆ ಎಂಬ ಮಾತು ಯಾವ ಕಚೇರಿಯಲ್ಲೂ ಹುಟ್ಟದಂತೆ ನೋಡಿಕೊಳ್ಳಬೇಕು. ಊರಿನವರ ಜೊತೆ ಸರದಿಯಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಹೊರಗೆ ಬಂದು ನಾಲ್ಕು ಮಾತಾಡುವುದೂ ಮತದಾನದ ಭಾಗವೇ.

ಇಳಿಸಿದ ವಿಮಾನ

2012ರ ಫೆಬ್ರುವರಿ 19ರಂದು ಕೋಲ್ಕತ್ತದಿಂದ ಗೋವಾಕ್ಕೆ ಹೊರಟಿದ್ದ ಸ್ಪೈಸ್‌ಜೆಟ್ ವಿಮಾನದಲ್ಲಿ ಜೀಜಾ ಘೋಷ್ ತಮ್ಮ ಸೀಟಿನಲ್ಲಿ ಕುಳಿತಾಗಿತ್ತು. ಅವರಿಗೆ ಸೆರೆಬ್ರಲ್ ಪಾಲ್ಸಿ ಇದೆ. ನಡಿಗೆಯಲ್ಲಿ, ಮಾತಿನಲ್ಲಿ ಅದು ಕಾಣುತ್ತದೆ. ಗೋವಾದಲ್ಲಿ ಅವರು ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಬೇಕಿತ್ತು. ಸಿಬ್ಬಂದಿ ಬಂದು ಬೋರ್ಡಿಂಗ್ ಪಾಸ್ ಕೇಳಿದರು, ನಂತರ ಅವರನ್ನು ವಿಮಾನದಿಂದ ಇಳಿಸಿದರು. ಪೈಲಟ್ ಹೇಳಿದ್ದಾರೆ ಎಂಬುದೇ ಕಾರಣವಾಯಿತು. 2016ರ ಮೇ 12ರಂದು ಸುಪ್ರೀಂ ಕೋರ್ಟ್ ವಿಮಾನ ಕಂಪನಿ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ನಮ್ಮಲ್ಲಿ ಅಂಗವಿಕಲರ ಘನತೆಗೆ ಕೋರ್ಟು ಹಣದ ರೂಪದ ಹೊಣೆ ಹೊರಿಸಿದ್ದು ಅಪರೂಪ. ಕಂಪನಿಗಳ ತರಬೇತಿ ಪುಸ್ತಕಗಳು ಉಪದೇಶಕ್ಕೆ ಬದಲಾಗುವುದಿಲ್ಲ, ಇಂಥ ಲೆಕ್ಕಕ್ಕೆ ಬದಲಾಗುತ್ತವೆ ಎಂದು ನಾನು ನಂಬುತ್ತೇನೆ.

ಹತ್ತೊಂಬತ್ತು ವರ್ಷದ ಒಂದು ಕಡತ

ಈಗ ಈ ಲೇಖನದ ಹೃದಯಕ್ಕೆ ಬರೋಣ. ರಾಜೀವ್ ರತೂರಿ ದೃಷ್ಟಿದೋಷವಿರುವ ಹಕ್ಕು ಹೋರಾಟಗಾರರು. 2005ರಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ರಸ್ತೆ, ಕಟ್ಟಡ, ಬಸ್ಸು, ರೈಲು ಎಲ್ಲವೂ ಅಂಗವಿಕಲರಿಗೆ ಎಟುಕುವಂತಿರಬೇಕು ಎಂಬುದು ಕೋರಿಕೆ. ಹನ್ನೆರಡು ವರ್ಷ ವಿಚಾರಣೆ ನಡೆಯಿತು. ಅಷ್ಟರಲ್ಲಿ ಹಳೆಯ ಕಾಯ್ದೆ ಹೋಗಿ 2016ರ ಹೊಸ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಇರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿಪಡಿಸಿ ಎಂದಿತು. ಸರ್ಕಾರಿಯಾಗಲಿ ಖಾಸಗಿಯಾಗಲಿ ಸೇವೆ ಕೊಡುವವರಿಗೆ ಎರಡು ವರ್ಷದ ಗಡುವು ಇಟ್ಟಿತು. ನಿಯಮಗಳು ಹೊರಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಅಂಗಡಿ, ಬ್ಯಾಂಕು, ಆಸ್ಪತ್ರೆಗಳ ಗಡುವು 2019ರಲ್ಲಿ, ಸರ್ಕಾರಿ ಕಟ್ಟಡಗಳದ್ದು 2022ರಲ್ಲಿ ಮುಗಿದಿದೆ. ಇದನ್ನು ಓದುವಾಗ ನಿಮ್ಮೂರಿನ ಅಂಚೆ ಕಚೇರಿ, ನಾಡಕಚೇರಿ, ಸಹಕಾರ ಸಂಘವನ್ನು ಒಮ್ಮೆ ನೆನೆದುಕೊಳ್ಳಿ.

2017ರ ಡಿಸೆಂಬರ್ 15ರಂದು ರತೂರಿ ಪ್ರಕರಣದಲ್ಲಿ ದೊಡ್ಡ ಆದೇಶ ಬಂತು. ದೆಹಲಿಯ ಮತ್ತು ರಾಜ್ಯಗಳ ರಾಜಧಾನಿಗಳ ಸರ್ಕಾರಿ ಕಟ್ಟಡಗಳಲ್ಲಿ ಅರ್ಧದಷ್ಟನ್ನು 2018ರ ಡಿಸೆಂಬರ್ ಒಳಗೆ ಪೂರ್ತಿ ಸುಗಮಗೊಳಿಸಬೇಕು ಎಂಬುದು ಅದರ ಅಂಶಗಳಲ್ಲೊಂದು. ಗಡುವು ಬಂತು, ಹೋಯಿತು. ವರದಿ ಸಲ್ಲಿಸಲು ಕಾಲಾವಕಾಶ, ಮತ್ತೆ ಪ್ರಮಾಣಪತ್ರ, ಮತ್ತೆ ಮುಂದಿನ ದಿನಾಂಕ. ಆರು ವರ್ಷ ಕಳೆದ ಮೇಲೆ ನ್ಯಾಯಾಲಯ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರಕ್ಕೆ ನೆಲದ ಸ್ಥಿತಿ ನೋಡಿ ವರದಿ ಕೊಡಲು ಹೇಳಿತು. ಆ ವರದಿ ಮೇಜಿಗೆ ಬಂದಾಗ ಕಾಯಿಲೆಯ ಮೂಲ ಸಿಕ್ಕಿತು.

ಮೂಲ ಇದ್ದದ್ದು 2017ರ ನಿಯಮಗಳ ಪೈಕಿ ನಿಯಮ 15ರಲ್ಲಿ. ಕಾಯ್ದೆಯು ಮಾನದಂಡಗಳನ್ನು ನಿಯಮವಾಗಿ ಮಾಡಿ ಎಂದು ಹೇಳಿದೆ. ಆದರೆ ಸರ್ಕಾರ ನಿಯಮದಲ್ಲಿ ಬರೆದದ್ದು ಇಂತಿಂಥ ಮಾರ್ಗಸೂಚಿಗಳನ್ನು ಪಾಲಿಸಿ ಎಂದು. ಆ ಮಾರ್ಗಸೂಚಿಗಳನ್ನು ತೆರೆದರೆ ಅಲ್ಲಿರುವುದು ಹೆಚ್ಚಾಗಿ ಶಿಫಾರಸು. ಹೀಗಿದ್ದರೆ ಒಳ್ಳೆಯದು, ಸಾಧ್ಯವಾದರೆ ಹೀಗೆ ಮಾಡಿ ಎಂಬ ಧಾಟಿ. ಕಾಯ್ದೆ ಕಡ್ಡಾಯ ಎಂದದ್ದು ಇಲಾಖೆಯಿಂದ ಇಲಾಖೆಗೆ ಇಳಿದು ಎಂಜಿನಿಯರನ ಮೇಜು ತಲುಪುವಷ್ಟರಲ್ಲಿ ಐಚ್ಛಿಕವಾಗಿಬಿಟ್ಟಿತ್ತು.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ನಿಯಮ 15(1) ಕಾಯ್ದೆಗೇ ವಿರುದ್ಧವಾಗಿದೆ ಎಂದು ತೀರ್ಪಿತ್ತಿತು. ಅದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಕೊನೆಯ ಕೆಲಸದ ದಿನ. ಯಾವ ಸಂದರ್ಭದಲ್ಲೂ ರಾಜಿ ಮಾಡಿಕೊಳ್ಳಲಾಗದ ಕನಿಷ್ಠ ಮಾನದಂಡಗಳನ್ನು ಬೇರೆಯಾಗಿ ತೆಗೆದು ಮೂರು ತಿಂಗಳಲ್ಲಿ ನಿಯಮ ಮಾಡಿ ಎಂದು ಕೇಂದ್ರಕ್ಕೆ ನಿರ್ದೇಶನ ಹೋಯಿತು. ಪಾಲಿಸದಿದ್ದರೆ ಏನು ಎಂಬುದನ್ನೂ ಪೀಠ ನೆನಪಿಸಿತು. ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರ ತಡೆಹಿಡಿಯಬಹುದು, ದಂಡ ಹಾಕಬಹುದು. ಕಾಯ್ದೆಯಲ್ಲಿರುವ ದಂಡ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ.

ಕನಿಷ್ಠ ಮಾನದಂಡ ಎಂದರೆ ಏನು ಎಂಬುದು ನನಗೆ ಚೆನ್ನಾಗಿ ಮನವರಿಕೆಯಾದದ್ದು ಒಂದು ತಾಲ್ಲೂಕು ಮಟ್ಟದ ಕಚೇರಿಯ ಮುಂದೆ. ಬಾಗಿಲಿಗೆ ಮೂರು ಮೆಟ್ಟಿಲು, ಪಕ್ಕದಲ್ಲಿ ರ‍್ಯಾಂಪ್, ಅದರ ಮೇಲೆ ನೀಲಿ ಬಣ್ಣದ ಗಾಲಿಕುರ್ಚಿಯ ಚಿತ್ರ. ಒಂದು ಮೆಟ್ಟಿಲು 15 ಸೆಂಟಿಮೀಟರ್ ಎಂದರೆ ಒಟ್ಟು ಎತ್ತರ 45 ಸೆಂಟಿಮೀಟರ್. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಎಂಬುದು ಒಪ್ಪಿತ ಲೆಕ್ಕ. ಹಾಗಾದರೆ ಅಲ್ಲಿ ಸುಮಾರು 18 ಅಡಿ ಉದ್ದದ ಇಳಿಜಾರು ಬೇಕು. ಕಟ್ಟಿದ್ದು ಆರಡಿಗೂ ಕಡಿಮೆ. ಅಷ್ಟು ಕಡಿದಾದ ದಾರಿಯಲ್ಲಿ ಕುರ್ಚಿ ಹತ್ತಿಸಿದರೆ ಮುಂದಿನ ಚಕ್ರ ಮೇಲೆದ್ದು ಕುಳಿತವರು ಹಿಂದಕ್ಕೆ ಮಗುಚುತ್ತಾರೆ. ಮೇಲೆ ನುಣ್ಣನೆಯ ಟೈಲ್ಸ್, ಮಳೆ ಬಂದರೆ ಊರುಗೋಲು ನಿಲ್ಲದು. ಹಿಡಿಕೆಯ ಕಂಬಿ ಇಲ್ಲ. ರ‍್ಯಾಂಪ್ ಮುಗಿದಲ್ಲಿ ಇನ್ನೂ ಒಂದು ಹೊಸ್ತಿಲು, ಅದರ ಬಾಯಿಗೆ ಅಡ್ಡಲಾಗಿ ಎರಡು ಬೈಕು. ಇದಕ್ಕೂ ಬಿಲ್ ಪಾವತಿಯಾಗಿರುತ್ತದೆ, ಕಡತದಲ್ಲಿ ಸೌಲಭ್ಯ ಇದೆ ಎಂದೇ ದಾಖಲಾಗಿರುತ್ತದೆ. ನ್ಯಾಯಾಲಯಕ್ಕೆ ಹೋಗುವ ಪ್ರಮಾಣಪತ್ರದಲ್ಲಿ ಇದೂ ಒಂದು ಸಂಖ್ಯೆಯಾಗಿ ಸೇರುತ್ತದೆ. ನಿಯಮದಲ್ಲಿ ಅಳತೆ ಕಡ್ಡಾಯವಾಗಿದ್ದರೆ ಅದನ್ನು ಅಳೆದು ಸುಳ್ಳು ಎನ್ನಬಹುದು. ಶಿಫಾರಸನ್ನು ಮುರಿದರೆ ಅಳೆಯುವುದೇನನ್ನು?

ಬಜೆಟ್ಟಿಗೇ ಕೈ ಹಾಕಿದವರು

ಹಾಗಾದರೆ ಗೆದ್ದದ್ದು ನೆಲಕ್ಕಿಳಿದ ಊರು ಯಾವುದು? ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನನಗೆ ತಕ್ಷಣ ನೆನಪಾಗುತ್ತದೆ. 1999ರಲ್ಲಿ ಜೋನ್ ಬಾರ್ಡನ್ ಮತ್ತಿತರರು ನಗರಾಡಳಿತದ ವಿರುದ್ಧ ದಾವೆ ಹೂಡಿದರು. ಕಾಲುದಾರಿಯಲ್ಲಿ ಬೆಂಚು, ಕಂಬ, ಸೂಚನಾ ಫಲಕಗಳ ಅಡ್ಡಿ, ರಸ್ತೆ ದಾಟುವಲ್ಲಿ ಇಳಿಜಾರಿಲ್ಲ. ನಗರಾಡಳಿತದ ವಾದ ವಿಚಿತ್ರವಾಗಿತ್ತು. ಕಾಯ್ದೆ ಅನ್ವಯಿಸುವುದು ನಗರದ ಸೇವೆ ಮತ್ತು ಕಾರ್ಯಕ್ರಮಗಳಿಗೆ, ಕಾಲುದಾರಿ ಬರೀ ನೆಲ ಎಂದಿತು. ಕೆಳಗಿನ ನ್ಯಾಯಾಲಯ ಅದನ್ನು ಒಪ್ಪಿತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಜನ ನಡೆದಾಡಲು ದಾರಿ ಮಾಡಿಕೊಡುವುದು ನಗರದ ಸೇವೆಯೇ ಎಂದಿತು. ನಗರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರೂ ಪ್ರಯೋಜನವಾಗಲಿಲ್ಲ.

ಕೊನೆಗಾದ ರಾಜಿ ಒಪ್ಪಂದ ನೋಡಿ. ಮೂವತ್ತು ವರ್ಷಗಳವರೆಗೆ ನಗರದ ಸಾರಿಗೆ ನಿಧಿಯಲ್ಲಿ ಶೇ 20ನ್ನು ಕಾಲುದಾರಿ ಸರಿಪಡಿಸಲು ಮೀಸಲಿಡಬೇಕು. ಎಷ್ಟು ಹಣ, ಎಷ್ಟು ಕಾಲ, ಯಾವುದಕ್ಕೆ, ಎಲ್ಲವೂ ಬರಹದಲ್ಲಿದೆ. ಮೇಯರ್ ಬದಲಾದರೂ ಆಯವ್ಯಯದ ಆ ಸಾಲು ಬದಲಾಗದು. ಈ ಪ್ರಕರಣ ನಡೆಸಿದ ಬರ್ಕ್ಲಿಯ ಡಿಸೆಬಿಲಿಟಿ ರೈಟ್ಸ್ ಅಡ್ವೊಕೇಟ್ಸ್ ಸಂಸ್ಥೆ ಅದೇ ದಾರಿ ಹಿಡಿದು 2010ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಿಂದ ಮೂವತ್ತು ವರ್ಷಕ್ಕೆ 110 ಕೋಟಿ ಡಾಲರ್ ಒಪ್ಪಿಸಿತು. 2022ರಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನ ಶೇ 95 ನಿಲ್ದಾಣಗಳಿಗೆ ಲಿಫ್ಟ್ ಅಥವಾ ರ‍್ಯಾಂಪ್ ಬರುವಂತೆ ಒಪ್ಪಂದ ಮಾಡಿಸಿತು. ಅದರ ಗಡುವು 2055. ಒಪ್ಪಂದದ ದಿನ ಮೂವತ್ತರ ಹರೆಯದಲ್ಲಿದ್ದವರಿಗೆ ಕೊನೆಯ ಲಿಫ್ಟ್ ತಲುಪುವಾಗ ಅರವತ್ತಮೂರು. ಇಷ್ಟು ದೀರ್ಘ ಗಡುವು ನನಗೆ ಒಪ್ಪಿಗೆಯಲ್ಲ. ಆದರೂ ನಡುನಡುವೆ ಹಂತಗಳಿವೆ, ತಪ್ಪಿದರೆ ಕೇಳುವ ಹಕ್ಕಿದೆ.

ಅಮೆರಿಕದಲ್ಲಿ ಇಷ್ಟೊಂದು ದಾವೆಗಳು ಸಾಧ್ಯವಾದದ್ದಕ್ಕೆ ಒಂದು ಸರಳ ಕಾರಣವಿದೆ. ಗೆದ್ದವನ ವಕೀಲರ ಶುಲ್ಕವನ್ನು ಸೋತವನು ಕಟ್ಟುವಂತೆ ಕೋರ್ಟು ಆದೇಶಿಸಬಹುದು. ಹಾಗಾಗಿ ಕೈಯಲ್ಲಿ ಕಾಸಿಲ್ಲದವರ ಪ್ರಕರಣವನ್ನೂ ವಕೀಲರು ಎತ್ತಿಕೊಳ್ಳುತ್ತಾರೆ. ಇದರ ದುರುಪಯೋಗವೂ ಆಗಿದೆ. ಕ್ಯಾಲಿಫೋರ್ನಿಯಾದ ರಾಜ್ಯ ಕಾನೂನು ಒಂದೊಂದು ಉಲ್ಲಂಘನೆಗೂ ಕನಿಷ್ಠ 4,000 ಡಾಲರ್ ಪರಿಹಾರ ಕೊಡಿಸುವುದರಿಂದ ಒಬ್ಬರೇ ನೂರಾರು ಪುಟ್ಟ ಅಂಗಡಿಗಳ ಮೇಲೆ ದಾವೆ ಹೂಡಿ ದುಡ್ಡಿಗೆ ರಾಜಿಯಾದದ್ದುಂಟು. ಅಂಗಡಿಯವನಿಗೆ ಹೊಟ್ಟೆ ಉರಿಯುವುದು ಸಹಜ, ಆ ಸಿಟ್ಟು ಕೊನೆಗೆ ಬೀಳುವುದು ಗಾಲಿಕುರ್ಚಿಯಲ್ಲಿ ನಿಜಕ್ಕೂ ಕಾಫಿ ಕುಡಿಯಲು ಬಂದವರ ಮೇಲೆ. ಆದರೆ ಅಲ್ಲಿನ ಈ ತಕರಾರನ್ನು ಇಲ್ಲಿ ನಮ್ಮನ್ನು ಹೆದರಿಸಲು ಬಳಸಬಾರದು. ನಮ್ಮಲ್ಲಿ ದಾವೆಗಳು ಹೆಚ್ಚಾಗಿ ತೊಂದರೆಯಾಗಿಲ್ಲ. ಒಬ್ಬ ರತೂರಿ ಹತ್ತೊಂಬತ್ತು ವರ್ಷ ಹೊರಬೇಕಾಗಿ ಬಂದದ್ದೇ ನಮ್ಮ ತೊಂದರೆ.

ಹಕ್ಕು ಗೆದ್ದರೂ ಜನರ ನಡವಳಿಕೆಯ ಮುಂದೆ ಕೋರ್ಟಿನ ಕೈ ಎಷ್ಟು ಗಿಡ್ಡ ಎಂಬುದಕ್ಕೆ ಇಂಗ್ಲೆಂಡಿನ ಪ್ರಕರಣವೊಂದಿದೆ. 2012ರ ಫೆಬ್ರುವರಿಯಲ್ಲಿ ಡಗ್ ಪಾಲಿ ವೆದರ್ಬಿಯಿಂದ ಲೀಡ್ಸ್‌ಗೆ ಹೋಗುವ ಬಸ್ಸಿಗೆ ಕಾದಿದ್ದರು. ಬಸ್ಸಿನಲ್ಲಿ ಗಾಲಿಕುರ್ಚಿಯ ಜಾಗ ಇತ್ತು, ಅಲ್ಲಿ ಮಲಗಿದ ಮಗುವಿನ ತಳ್ಳುಗಾಡಿ ಇತ್ತು. ಚಾಲಕ ಕೇಳಿಕೊಂಡ, ತಾಯಿ ಒಪ್ಪಲಿಲ್ಲ, ಪಾಲಿ ಮುಂದಿನ ಬಸ್ಸಿಗೆ ಕಾದರು. ಐದು ವರ್ಷ ಕಳೆದು 2017ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಅಗತ್ಯವಿದ್ದರೆ ಬಸ್ಸನ್ನು ಕೆಲ ನಿಮಿಷ ನಿಲ್ಲಿಸಿ ಒತ್ತಾಯಿಸುವುದನ್ನೂ ಯೋಚಿಸಬೇಕು ಎಂದಿತು. ಕೆಳಗಿನ ಕೋರ್ಟು ಕೊಟ್ಟಿದ್ದ 5,500 ಪೌಂಡ್ ಪರಿಹಾರ ಮಾತ್ರ ಮರಳಲಿಲ್ಲ. ಅರ್ಧ ಗೆಲುವು. ಆ ತಾಯಿಯ ಕಷ್ಟವೂ ಸುಳ್ಳಲ್ಲ. ಇಬ್ಬರಿಗೂ ಜಾಗ ಇಡದೆ ಒಬ್ಬರ ಎದುರು ಇನ್ನೊಬ್ಬರನ್ನು ನಿಲ್ಲಿಸಿದ್ದು ಬಸ್ಸಿನ ವಿನ್ಯಾಸ.

ಇಲ್ಲಿ, ನಮ್ಮಲ್ಲಿ

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ದೇಶದಲ್ಲಿ ಚಲನವೈಕಲ್ಯ ಇರುವವರೇ 54 ಲಕ್ಷ. ರಾಜ್ಯದ ಸಾರಿಗೆ ಸಂಸ್ಥೆಗಳು ಅಂಗವಿಕಲರಿಗೆ ರಿಯಾಯಿತಿ ಪಾಸ್ ಕೊಡುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣವೇ ಉಚಿತ. ಆದರೆ ಊರಿನ ಕೆಂಪು ಬಸ್ಸಿನ ಬಾಗಿಲಲ್ಲಿ ಕಡಿದಾದ ಮೆಟ್ಟಿಲುಗಳಿವೆ. ಮೊಣಕಾಲಿಗೆ ಕ್ಯಾಲಿಪರ್ ಕಟ್ಟಿದ ಹೆಣ್ಣುಮಗಳಿಗೆ ಶೂನ್ಯ ದರದ ಟಿಕೆಟ್ ಆ ಮೆಟ್ಟಿಲ ಆಚೆಗೇ ಉಳಿಯುತ್ತದೆ. ಬೆಂಗಳೂರಿನ ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ. ಆ ಲಿಫ್ಟಿನಿಂದ ಹೊರಬಂದ ಕುರ್ಚಿ ಹತ್ತು ಮಾರು ದಾಟುವಷ್ಟರಲ್ಲಿ ಕಾಲುದಾರಿಯ ತುದಿಯ ಬೊಲಾರ್ಡ್‌ಗಳಿಗೆ ಸಿಕ್ಕಿಬೀಳುತ್ತದೆ. ಬೈಕು ನುಗ್ಗದಿರಲಿ ಎಂದು ನೆಟ್ಟ ಗೂಟಗಳ ನಡುವೆ ಕುರ್ಚಿಯೂ ತೂರದು.

ಮುಂಬೈಯಲ್ಲೂ ಇದೇ ಪಾಡಿತ್ತು. ಗಾಲಿಕುರ್ಚಿ ಬಳಸುವ ಯುವಕರೊಬ್ಬರು ಇಮೇಲ್‌ನಲ್ಲಿ ಈ ತೊಂದರೆಯನ್ನು ಬರೆದು ಕಳಿಸಿದರು. 2023ರಲ್ಲಿ ಬಾಂಬೆ ಹೈಕೋರ್ಟ್ ಅದನ್ನೇ ಸ್ವಯಂಪ್ರೇರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ತೆಗೆದುಕೊಂಡು ಪಾಲಿಕೆಯಿಂದ ಉತ್ತರ ಕೇಳಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಕಾಲುದಾರಿಯ ಬಳಕೆ ಜೀವಿಸುವ ಹಕ್ಕಿನ ಭಾಗ, ಅದು ಅಂಗವಿಕಲರಿಗೂ ಬಳಸುವಂತಿರಬೇಕು ಎಂದಿದೆ. ಹಿಡಿದು ಕೇಳಲು ಬೇಕಾದ ಕಾಗದ ನಮ್ಮ ಕೈಯಲ್ಲಿ ಈಗ ಸಾಕಷ್ಟಿದೆ.

ಕೇಳುವ ಮೊದಲ ಜಾಗ ದೆಹಲಿಯಲ್ಲೇ ಇರಬೇಕಿಲ್ಲ. ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಸಾಕ್ಷಿಯನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ವಕೀಲರು ಬೇಕೆಂದರೆ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದು ಎಷ್ಟೋ ಅರ್ಹರಿಗೇ ತಿಳಿದಿಲ್ಲ. ತಾಲ್ಲೂಕು ಮಟ್ಟದಲ್ಲೂ ಸಮಿತಿಯಿದೆ, 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಅದಕ್ಕೂ ಮೊದಲು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕುವುದು ಒಳ್ಳೆಯದು. ಈ ಕಟ್ಟಡದ ಸುಗಮತೆಯ ಪರಿಶೋಧನೆ ಎಂದು ನಡೆಯಿತು, ವರದಿಯ ಪ್ರತಿ ಕೊಡಿ, ರ‍್ಯಾಂಪಿನ ಅಂದಾಜುಪಟ್ಟಿ ಕೊಡಿ. ಪಂಚಾಯಿತಿ, ಪುರಸಭೆಗಳು ಅಂಗವಿಕಲರಿಗೆಂದು ಮೀಸಲಿಡಬೇಕಾದ ಶೇ 5ರ ನಿಧಿಯ ಖರ್ಚಿನ ವಿವರವನ್ನೂ ಜೊತೆಗೇ ಕೇಳಬೇಕು. ತ್ರಿಚಕ್ರ ವಾಹನ ಕೊಡಿಸುವುದು ಬೇಕಾದ್ದೇ. ಆ ವಾಹನ ಪಂಚಾಯಿತಿ ಕಚೇರಿಯ ಬಾಗಿಲವರೆಗೆ ಬರುವ ದಾರಿಗೂ ಅದೇ ನಿಧಿಯಲ್ಲಿ ಪಾಲಿರಲಿ.

ದೂರಿನಲ್ಲಿ ಅಥವಾ ರಿಟ್ ಅರ್ಜಿಯಲ್ಲಿ ಏನು ಕೋರಬೇಕು ಎಂಬುದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಸೂಕ್ತ ಕ್ರಮ ಕೈಗೊಳ್ಳಲು ಆದೇಶಿಸಿ ಎಂದು ಬರೆದರೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂಬ ಉತ್ತರವೇ ಬರುತ್ತದೆ. ಇಳಿಜಾರಿನ ಉದ್ದ ಇಷ್ಟು, ಬಾಗಿಲಿನ ಅಗಲ ಇಷ್ಟು, ಕೆಲಸ ಮುಗಿಯಬೇಕಾದ ದಿನ ಇದು, ಹಣ ಈ ಶೀರ್ಷಿಕೆಯಿಂದ, ಹೊಣೆ ಈ ಹುದ್ದೆಯವರದು ಎಂದು ಕೋರಿಕೆಯಲ್ಲೇ ಬರೆಯಬೇಕು. ಕೊನೆಗೆ ಒಂದು ಸಾಲು ಸೇರಿಸಬೇಕು. ಗುತ್ತಿಗೆದಾರನ ಬಿಲ್ಲಿಗೆ ಎಂಜಿನಿಯರ್ ಸಹಿ ಹಾಕುವ ಮೊದಲು ಗಾಲಿಕುರ್ಚಿ ಬಳಸುವ ಸ್ಥಳೀಯರೊಬ್ಬರು ಆ ರ‍್ಯಾಂಪನ್ನು ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿಯಬೇಕು, ಅವರ ಸಹಿಯೂ ಆ ಕಾಗದದ ಮೇಲೆ ಬೀಳಬೇಕು.